304 ಸ್ಟೀಲಿನಲ್ಲಿ ನಿಕಲ್ ಎಷ್ಟಿದೆ? ಮೂರು ವರದಿಗಳು, ಮೂರು ಅಂಕಿಗಳು

ಪ್ರಶ್ನೆ: ನಾವು ಬೆಂಗಳೂರಿನ ಪೀಣ್ಯದಲ್ಲಿ ಹಾಲಿನ ಟ್ಯಾಂಕುಗಳನ್ನು ತಯಾರಿಸುತ್ತೇವೆ. ಇತ್ತೀಚೆಗೆ 3 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್ ಶೀಟ್ ತರಿಸಿದೆವು. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿ ನಿಕಲ್ ಶೇ. 8.01 ಎಂದಿದೆ. ಡೀಲರ್ ತಮ್ಮ ಗೋಡೌನಿನಲ್ಲಿ ಲೋಹ ಪರೀಕ್ಷಿಸುವ ಎಕ್ಸ್-ಕಿರಣದ ಗನ್ ಇಟ್ಟು ತೋರಿಸಿದಾಗ 8.3 ಬಂತು. ನಾವೇ ಒಂದು ಲ್ಯಾಬಿಗೆ ತುಂಡು ಕಳಿಸಿದೆವು. ಕಿಡಿ ಹೊಡೆದು ಅಳೆಯುವ ಅವರ ಸ್ಪಾರ್ಕ್ ಯಂತ್ರ 7.89 ಎಂದಿತು. ಎಂಟಕ್ಕಿಂತ ಕಡಿಮೆ ಇರುವುದರಿಂದ ಇದು 304 ಅಲ್ಲ, ಮಾಲು ವಾಪಸ್ ಮಾಡಿ ಎಂದು ಗ್ರಾಹಕರ ಇನ್‌ಸ್ಪೆಕ್ಟರ್ ಪಟ್ಟು ಹಿಡಿದಿದ್ದಾರೆ. ಇವುಗಳಲ್ಲಿ ಯಾವ ಅಂಕಿ ನಿಜ? ಹಳೆಯ ಕಾಲದ ವೆಟ್ ಅನಾಲಿಸಿಸ್ (ಲೋಹವನ್ನು ಆಮ್ಲದಲ್ಲಿ ಕರಗಿಸಿ ಮಾಡುವ ರಾಸಾಯನಿಕ ಪರೀಕ್ಷೆ) ಮಾಡಿಸಿದರೆ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಮೂರೂ ಅಂಕಿಗಳು ಒಂದೇ ಉಕ್ಕಿನಿಂದ ಬಂದಿರಲು ಸಾಧ್ಯವಿದೆ, ಮತ್ತು ಈ ಮಾಹಿತಿಯಷ್ಟನ್ನೇ ಆಧರಿಸಿ ಮಾಲನ್ನು ವಾಪಸ್ ಮಾಡುವುದು ಆತುರದ ತೀರ್ಮಾನವಾಗುತ್ತದೆ. ವೆಟ್ ಅನಾಲಿಸಿಸ್‌ಗೆ ಪ್ರಯೋಜನ ಖಂಡಿತ ಇದೆ. ವಾಸ್ತವವಾಗಿ ನಿಮ್ಮಂಥ ತಕರಾರುಗಳನ್ನು ಬಗೆಹರಿಸಲು ನಿಕಲ್ ವಿಷಯದಲ್ಲಿ ಅದಕ್ಕಿಂತ ಗಟ್ಟಿಯಾದ ದಾರಿ ಕಡಿಮೆ. ಆದರೆ ಅಲ್ಲಿಗೆ ಹೋಗುವ ಮೊದಲು ನಿಮ್ಮ ಕೈಯಲ್ಲಿರುವ ವರದಿಗಳನ್ನೇ ಸರಿಯಾಗಿ ಓದಬೇಕು.

ಲ್ಯಾಬ್ ವರದಿಯಲ್ಲಿ ನಿಕಲ್ ಸಾಲನ್ನು ಬಿಟ್ಟು ಮ್ಯಾಂಗನೀಸ್ ಮತ್ತು ಕ್ರೋಮಿಯಂ ಸಾಲುಗಳನ್ನು ಮೊದಲು ನೋಡಿ. ನಮ್ಮ ಮಾರುಕಟ್ಟೆಯಲ್ಲಿ 304ರ ಹೆಸರಿನಲ್ಲಿ ಮೋಸ ನಡೆಯುವುದು ಸಾಮಾನ್ಯವಾಗಿ 200 ಸರಣಿಯ ಸ್ಟೀಲಿನಿಂದ. 202 ದರ್ಜೆಯಲ್ಲಿ ನಿಕಲ್ 4ರಿಂದ 6 ಶೇಕಡಾ ಮಾತ್ರ, ಅದರ ಬದಲಿಗೆ ಮ್ಯಾಂಗನೀಸ್ 7.5ರಿಂದ 10 ಶೇಕಡಾ ಇರುತ್ತದೆ. 201ರಲ್ಲಿ ನಿಕಲ್ 3.5ರಿಂದ 5.5. ಇನ್ನು 304ರಲ್ಲಿ ಮ್ಯಾಂಗನೀಸ್ 2 ಶೇಕಡಾ ಮೀರುವಂತಿಲ್ಲ. ನಿಮ್ಮ ವರದಿಯಲ್ಲಿ ಮ್ಯಾಂಗನೀಸ್ ಒಂದು, ಒಂದೂವರೆಯ ಆಸುಪಾಸಿನಲ್ಲಿದ್ದು ಕ್ರೋಮಿಯಂ 18ರ ಹತ್ತಿರ ಇದ್ದರೆ ಇದು ಬೇರೆ ದರ್ಜೆಯ ಮಾಲಲ್ಲ, 304ರ ಕೆಳಗಿನ ಅಂಚಿನ ಮಾಲು ಎಂದು ತಿಳಿಯಬಹುದು. ಅಂದ ಹಾಗೆ, ಗೋಡೌನುಗಳಲ್ಲಿ ಇಂದಿಗೂ ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ಅದು ನಿಕಲ್ ಬಗ್ಗೆ ಏನನ್ನೂ ಹೇಳುವುದಿಲ್ಲ: 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಅಪ್ಪಟ 304 ಶೀಟನ್ನು ಬಗ್ಗಿಸಿದ ಜಾಗದಲ್ಲಿ ಒಳರಚನೆ ಭಾಗಶಃ ಅಯಸ್ಕಾಂತಕ್ಕೆ ಅಂಟುವ ಮಾರ್ಟೆನ್ಸೈಟ್ ಎಂಬ ರೂಪಕ್ಕೆ ಬದಲಾಗುವುದರಿಂದ ಅದು ಸ್ವಲ್ಪ ಅಂಟುತ್ತದೆ.

ಕೆಳಗಿನ ಅಂಚಿನ ಮಾಲು ಬರುವುದು ಆಕಸ್ಮಿಕವೂ ಅಲ್ಲ. 304ಕ್ಕೆ ನಿಕಲ್ ಮಿತಿ 8.0ರಿಂದ 10.5 ಶೇಕಡಾ. ನಿಕಲ್ ದುಬಾರಿ ಲೋಹ, ಅದರ ಬೆಲೆ ನೆಚ್ಚುವಂಥದ್ದಲ್ಲ. 2022ರ ಮಾರ್ಚ್ 8ರಂದು ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ ಅದು ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. ಹೀಗಿರುವಾಗ ಒಂಬತ್ತರ ಗುರಿ ಇಟ್ಟುಕೊಂಡು ಕರಗಿಸುವ ಮಿಲ್ಲು ತನ್ನ ಲಾಭವನ್ನು ತಾನೇ ಕುಲುಮೆಗೆ ಹಾಕಿದಂತೆ. ಕುಲುಮೆಯ ಬಳಿಯೇ ನಿಮಿಷಗಳಲ್ಲಿ ವಿಶ್ಲೇಷಣೆ ಸಿಗುವ ಈ ಕಾಲದಲ್ಲಿ ಮಿಲ್ಲುಗಳು 8.0 ದಾಟಿದೊಡನೆ ನಿಕಲ್ ಸೇರಿಸುವುದನ್ನು ನಿಲ್ಲಿಸುತ್ತವೆ. ಮಿತಿಯ ಹೊಸ್ತಿಲಲ್ಲೇ ಮಾಲು ತಯಾರಾಗುವುದರಿಂದ, ಅಳತೆಯಲ್ಲಿ ಸಹಜವಾಗಿರುವ ಸಣ್ಣ ಏರಿಳಿತವೂ ಜಗಳಕ್ಕೆ ಕಾರಣವಾಗುತ್ತದೆ.

ಈಗ ಮೂರು ಅಂಕಿಗಳಿಗೆ ಬರೋಣ. ಸರ್ಟಿಫಿಕೇಟಿನ 8.01 ನಿಮ್ಮ ಶೀಟಿನಿಂದ ಬಂದದ್ದಲ್ಲ. ಅದು ಕರಗಿದ ಉಕ್ಕು ಅಚ್ಚಿಗೆ ಹೋಗುವ ಮೊದಲು ತೆಗೆದ ಮಾದರಿಯ ಫಲಿತಾಂಶ. ಇದನ್ನು ಹೀಟ್ ಅನಾಲಿಸಿಸ್ ಎನ್ನುತ್ತಾರೆ. ಶೀಟಿನಿಂದಲೇ ತುಂಡು ಕತ್ತರಿಸಿ ಮಾಡುವುದು ಪ್ರಾಡಕ್ಟ್ ಅನಾಲಿಸಿಸ್. ಉಕ್ಕು ಗಟ್ಟಿಯಾಗುವಾಗ ಮೂಲಧಾತುಗಳು ಎಲ್ಲೆಡೆ ಒಂದೇ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನೂ ಲ್ಯಾಬಿನಿಂದ ಲ್ಯಾಬಿಗೆ ಆಗುವ ವ್ಯತ್ಯಾಸವನ್ನೂ ಗಮನದಲ್ಲಿಟ್ಟು, ಪ್ರಾಡಕ್ಟ್ ಅನಾಲಿಸಿಸ್‌ಗೆ ಮಾನಕಗಳು ಒಂದಿಷ್ಟು ಸಡಿಲಿಕೆ ಕೊಡುತ್ತವೆ. ಅಮೆರಿಕದ ಎಎಸ್‌ಟಿಎಂ ಎ480 ಮಾನಕದಲ್ಲಿ 5ರಿಂದ 10 ಶೇಕಡಾವರೆಗಿನ ನಿಕಲ್‌ಗೆ ಈ ಸಡಿಲಿಕೆ 0.10, ಯುರೋಪಿನ ಮಾನಕದಲ್ಲೂ ಅಷ್ಟೇ. ಅಂದರೆ ಶೀಟಿನಲ್ಲಿ ಅಳೆದಾಗ ಹೋಲಿಸಬೇಕಾದ ಕೆಳಮಿತಿ 8.0 ಅಲ್ಲ, 7.90. ನಿಮ್ಮ ಇನ್‌ಸ್ಪೆಕ್ಟರ್ 7.89ನ್ನು ಎಂಟರೊಂದಿಗೆ ಹೋಲಿಸುತ್ತಿದ್ದಾರೆ, ಹೋಲಿಕೆಯೇ ತಪ್ಪು. ಕೊರತೆ 0.11 ಅಲ್ಲ, 0.01.

ಆ 0.01ರ ಕತೆಯೂ ಅಷ್ಟು ಸರಳವಲ್ಲ. ಅಳೆದ ಅಂಕಿಯನ್ನು, ಮಿತಿಯನ್ನು ಎಷ್ಟು ದಶಮಾಂಶ ಸ್ಥಾನಗಳಿಗೆ ಬರೆದಿದೆಯೋ ಅಷ್ಟಕ್ಕೇ ಸರಿಹೊಂದಿಸಿ ಹೋಲಿಸಬೇಕು ಎಂಬುದು ಭಾರತೀಯ ಮಾನಕಗಳಲ್ಲಿ ಐಎಸ್ 2ರ ಮೂಲಕ ಬಂದಿರುವ ನಿಯಮ. ಮಿತಿಯನ್ನು 8.0 ಎಂದು ಒಂದೇ ಸ್ಥಾನಕ್ಕೆ ಬರೆದಿರುವಾಗ 7.89 ಎಂಬುದು 7.9 ಆಗುತ್ತದೆ ಎಂದು ಡೀಲರ್ ವಾದಿಸಬಹುದು, ಸಡಿಲಿಕೆಯನ್ನು 0.10 ಎಂದು ಎರಡು ಸ್ಥಾನಗಳಿಗೆ ಬರೆದಿದೆ, ಹಾಗಾಗಿ ಎರಡು ಸ್ಥಾನಗಳಲ್ಲೇ ಹೋಲಿಸಬೇಕು ಎಂದು ಇನ್‌ಸ್ಪೆಕ್ಟರ್ ಪ್ರತಿವಾದ ಹೂಡಬಹುದು. ನಿಮ್ಮ ಪರ್ಚೇಸ್ ಆರ್ಡರಿನಲ್ಲಿ ಯಾವ ಮಾನಕವನ್ನು ಹೆಸರಿಸಿದ್ದೀರಿ ಎಂಬುದು ಈ ಕಾರಣಕ್ಕೇ ಮುಖ್ಯ. ಬರೀ ‘ಎಸ್‌ಎಸ್ 304’ ಎಂದು ಬರೆದಿದ್ದರೆ ಇಬ್ಬರ ವಾದಕ್ಕೂ ಆಧಾರ ಉಳಿಯುವುದಿಲ್ಲ.

ಗನ್ನಿನ 8.3ರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದು ಎಕ್ಸ್-ಕಿರಣ ಪ್ರತಿದೀಪ್ತಿಯ ಉಪಕರಣ: ಲೋಹದ ಮೇಲೆ ಎಕ್ಸ್-ಕಿರಣ ಬಿಟ್ಟಾಗ ಪ್ರತಿ ಮೂಲಧಾತುವೂ ತನ್ನದೇ ಶಕ್ತಿಯ ಎಕ್ಸ್-ಕಿರಣವನ್ನು ಹೊರಸೂಸುತ್ತದೆ, ನಿಕಲ್‌ನದು 7.48 ಕಿಲೋ ಎಲೆಕ್ಟ್ರಾನ್ ವೋಲ್ಟ್, ಕಬ್ಬಿಣದ್ದು 6.40. ಕಬ್ಬಿಣದ ಪರಮಾಣುಗಳು 7.11ಕ್ಕಿಂತ ಹೆಚ್ಚು ಶಕ್ತಿಯ ಕಿರಣವನ್ನು ಬಲವಾಗಿ ಹೀರುತ್ತವೆ, ಹಾಗಾಗಿ ನಿಕಲ್ ಹೊರಸೂಸಿದ ಕಿರಣದ ಬಹುಪಾಲನ್ನು ಸುತ್ತಲಿನ ಕಬ್ಬಿಣವೇ ನುಂಗಿಬಿಡುತ್ತದೆ. ಉಪಕರಣದ ಒಳಗಿನ ಲೆಕ್ಕಾಚಾರ ಇದನ್ನು ಸರಿಪಡಿಸಲು ಪ್ರಯತ್ನಿಸುತ್ತದೆ, ಆದರೆ ಅದು ನೋಡುವುದು ಕೂದಲೆಳೆಯ ದಪ್ಪಕ್ಕಿಂತಲೂ ತೆಳುವಾದ ಮೇಲ್ಪದರವನ್ನು ಮಾತ್ರ. ಎಣ್ಣೆ, ಧೂಳು, ಪ್ಲಾಸ್ಟಿಕ್ ಹಾಳೆಯ ಅಂಟು, ಪಾಲಿಶ್‌ನ ಉಳಿಕೆ ಎಲ್ಲವೂ ಓದನ್ನು ಕೆಡಿಸುತ್ತವೆ. ಪರದೆಯ ಮೇಲೆ ಅಂಕಿಯ ಪಕ್ಕದಲ್ಲಿ ಕಾಣುವ ‘±’ ಸಾಮಾನ್ಯವಾಗಿ ಕಿರಣಗಳ ಎಣಿಕೆಯಿಂದ ಬರುವ ಏರಿಳಿತವನ್ನಷ್ಟೇ ಹೇಳುತ್ತದೆ, ಉಪಕರಣದ ಮಾಪನಾಂಕನದ (ಕ್ಯಾಲಿಬ್ರೇಶನ್) ದೋಷವನ್ನು ಹೇಳುವುದಿಲ್ಲ. ಕೆಲವೇ ಸೆಕೆಂಡುಗಳ ಓದಿನಲ್ಲಿ 0.2ರಷ್ಟು ಆಚೀಚೆಯಾದರೆ ಆಶ್ಚರ್ಯವಿಲ್ಲ. 304 ಮತ್ತು 202ನ್ನು ಬೇರ್ಪಡಿಸಲು, 316 ದರ್ಜೆ ಎಂದು ಕೊಟ್ಟದ್ದರಲ್ಲಿ ಮಾಲಿಬ್ಡಿನಂ ಇದೆಯೇ ಎಂದು ನೋಡಲು ಗನ್ ಅತ್ಯುತ್ತಮ ಸಾಧನ. 7.89 ಮತ್ತು 8.01ರ ನಡುವೆ ತೀರ್ಪು ಕೊಡಲು ಅದು ತಕ್ಕದ್ದಲ್ಲ.

ಸ್ಪಾರ್ಕ್ ಯಂತ್ರ ಅದಕ್ಕಿಂತ ಬಹಳ ಮೇಲು. ಆರ್ಗಾನ್ ಅನಿಲದಲ್ಲಿ ಕಿಡಿ ಹೊಡೆದು, ಆವಿಯಾದ ಲೋಹ ಬೀರುವ ಬೆಳಕನ್ನು ಬಿಡಿಸಿ ನೋಡುವ ಈ ವಿಧಾನ ಇಂಗಾಲವನ್ನೂ ಅಳೆಯುತ್ತದೆ. ಆದರೆ ಇದೂ ತುಲನಾತ್ಮಕ ವಿಧಾನ. ಬೆಳಕಿನ ತೀವ್ರತೆಯನ್ನು ಶೇಕಡಾವಾರಿಗೆ ಬದಲಾಯಿಸುವ ರೇಖೆಯನ್ನು ಯಾವ ಪ್ರಮಾಣಿತ ಮಾದರಿಗಳಿಂದ (ಸಂಯೋಜನೆ ಮೊದಲೇ ಖಚಿತವಾಗಿ ಗೊತ್ತಿರುವ ತುಂಡುಗಳಿಂದ) ಎಳೆದಿದ್ದಾರೆ, ದಿನ ಕಳೆದಂತೆ ಜರುಗುವ ಆ ರೇಖೆಯನ್ನು ಅಂದು ಬೆಳಿಗ್ಗೆ ಸರಿಪಡಿಸಿದ್ದರೇ, ನಿಮ್ಮ ತುಂಡಿನ ಮೇಲ್ಮೈಯನ್ನು ಸಮತಟ್ಟಾಗಿ ಉಜ್ಜಿದ್ದರೇ, ಎಷ್ಟು ಕಿಡಿಗಳ ಸರಾಸರಿ ತೆಗೆದಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಳ್ಳೆಯ ಲ್ಯಾಬಿನಲ್ಲೂ 8 ಶೇಕಡಾ ನಿಕಲ್‌ಗೆ 0.10ರಷ್ಟು ಅನಿಶ್ಚಿತತೆ ಬರುವುದು ಅಸಹಜವೇನಲ್ಲ. ಮಿಲ್ಲಿನ ಲ್ಯಾಬಿಗೆ 0.08 ಎಂದಿಟ್ಟುಕೊಳ್ಳಿ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಸುಮಾರು 0.13 ಬರುತ್ತದೆ. ನಿಮ್ಮ ಎರಡು ಅಂಕಿಗಳ ಅಂತರ 0.12. ಆ ಅನಿಶ್ಚಿತತೆಗಳು ಸರಿ ಎನ್ನುವುದಾದರೆ, ಈ ಎರಡು ವರದಿಗಳು ಪರಸ್ಪರ ವಿರುದ್ಧವಾಗಿವೆ ಎಂದು ಹೇಳಲು ಆಧಾರವಿಲ್ಲ.

ಇಂಥ ಕಡೆ ವೆಟ್ ಅನಾಲಿಸಿಸ್‌ನ ಪಾತ್ರ ಬರುತ್ತದೆ. ರಷ್ಯಾದ ರಸಾಯನವಿಜ್ಞಾನಿ ಲೆವ್ ಚುಗಾಯೆವ್ 1905ರಲ್ಲಿ, ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ಸಾವಯವ ವಸ್ತು ನಿಕಲ್ ಜೊತೆ ಸೇರಿ ಕುಂಕುಮದಂಥ ಕೆಂಪು ಪ್ರಕ್ಷೇಪ (ದ್ರಾವಣದಿಂದ ಬೇರ್ಪಟ್ಟು ಕೆಳಗಿಳಿಯುವ ಘನವಸ್ತು) ಕೊಡುವುದನ್ನು ಗುರುತಿಸಿದರು. ಲ್ಯಾಬುಗಳಲ್ಲಿ ಇದನ್ನು ಡಿಎಂಜಿ ಎನ್ನುತ್ತಾರೆ. ಇದರ ಎರಡು ಅಣುಗಳು ಒಂದು ನಿಕಲ್ ಪರಮಾಣುವನ್ನು ನಾಲ್ಕು ಸಾರಜನಕಗಳಿಂದ ಒಂದೇ ಸಮತಲದಲ್ಲಿ ಹಿಡಿದುಕೊಳ್ಳುತ್ತವೆ. ಅಮೋನಿಯಾ ಬೆರೆತ ದ್ರಾವಣದಲ್ಲಿ ಉಕ್ಕಿನ ಉಳಿದ ಸಾಮಾನ್ಯ ಲೋಹಗಳಾವುವೂ ಡಿಎಂಜಿಯೊಂದಿಗೆ ಇಂಥ ಪ್ರಕ್ಷೇಪ ಕೊಡುವುದಿಲ್ಲ. ನಮ್ಮ ಐಎಸ್ 228ರ 5ನೇ ಭಾಗ ಇದೇ ವಿಧಾನಕ್ಕೆ ಮೀಸಲಾಗಿದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4938 ಕೂಡ ಇದನ್ನೇ ಆಧರಿಸಿದೆ.

ಕೆಲಸ ಹೀಗೆ ನಡೆಯುತ್ತದೆ. ಶೀಟಿನ ಮೇಲ್ಮೈಯನ್ನು ಉಜ್ಜಿ ಹೊಳಪು ಬರಿಸಿ, ಎಣ್ಣೆ ಬಳಸದೆ, ತುಂಡು ನೀಲಿಯಾಗುವಷ್ಟು ಬಿಸಿಯಾಗದಂತೆ ನಿಧಾನವಾಗಿ ಡ್ರಿಲ್ ಮಾಡಿ ಚೂರು ತೆಗೆಯುತ್ತಾರೆ. ಚೂರನ್ನು ಅಸಿಟೋನಿನಲ್ಲಿ ತೊಳೆದು ಒಣಗಿಸುತ್ತಾರೆ. ಅದರಲ್ಲಿ ಅರ್ಧ ಗ್ರಾಂ ತೂಗಿ ಆಮ್ಲದಲ್ಲಿ ಕರಗಿಸುತ್ತಾರೆ. ನೈಟ್ರಿಕ್ ಆಮ್ಲ ಒಂದರಲ್ಲೇ ಸ್ಟೇನ್‌ಲೆಸ್ ಸ್ಟೀಲ್ ಕರಗುವುದಿಲ್ಲ, ಅದು ಮೇಲ್ಪದರವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವೂ ಜೊತೆಗೆ ಬೇಕು. ಸಿಲಿಕಾವನ್ನು ಬೇರ್ಪಡಿಸಿ ಸೋಸಿದ ಮೇಲೆ ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲ ಸೇರಿಸುತ್ತಾರೆ. ಇದನ್ನು ಸೇರಿಸದೆ ಅಮೋನಿಯಾ ಹಾಕಿದರೆ ಕಬ್ಬಿಣವೂ ಕ್ರೋಮಿಯಮ್ಮೂ ಹೈಡ್ರಾಕ್ಸೈಡ್ ಆಗಿ ಕೆಸರಿನಂತೆ ಕೆಳಗಿಳಿದು ನಿಕಲ್ ಅದರೊಳಗೆ ಸಿಕ್ಕಿಬೀಳುತ್ತದೆ. ಟಾರ್ಟಾರಿಕ್ ಆಮ್ಲ ಅವೆರಡನ್ನೂ ದ್ರಾವಣದಲ್ಲೇ ಹಿಡಿದಿಡುತ್ತದೆ. ಅನುಭವಿ ಕೆಮಿಸ್ಟ್ ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ: ಅಮೋನಿಯಾ ಹಾಕಿ ದ್ರಾವಣ ತಿಳಿಯಾಗಿಯೇ ಉಳಿಯಿತೇ ಎಂದು ನೋಡಿ, ಕದಡಿದ್ದರೆ ಇನ್ನಷ್ಟು ಟಾರ್ಟಾರಿಕ್ ಆಮ್ಲ ಹಾಕಿ, ಮತ್ತೆ ಸ್ವಲ್ಪ ಆಮ್ಲೀಯಗೊಳಿಸಿ ಮುಂದಕ್ಕೆ ಹೋಗುತ್ತಾರೆ. ಕಬ್ಬಿಣವೆಲ್ಲ ಪೂರ್ಣವಾಗಿ ಉತ್ಕರ್ಷಣಗೊಂಡು ಫೆರಿಕ್ ರೂಪದಲ್ಲಿರಬೇಕು ಎಂಬುದೂ ಮುಖ್ಯ, ಏಕೆಂದರೆ ಫೆರಸ್ ಕಬ್ಬಿಣ ಡಿಎಂಜಿ ಜೊತೆ ಕರಗುವ ಕೆಂಪು ಸಂಯುಕ್ತ ಕೊಟ್ಟು ದಾರಿ ತಪ್ಪಿಸುತ್ತದೆ.

ದ್ರಾವಣವನ್ನು 60–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಆಲ್ಕೋಹಾಲಿನಲ್ಲಿ ಕರಗಿಸಿದ ಶೇ. 1ರ ಡಿಎಂಜಿ ಸೇರಿಸಿ, ಆಮೇಲೆ ಅಮೋನಿಯಾವನ್ನು ಹನಿಹನಿಯಾಗಿ, ವಾಸನೆ ತಿಳಿಯುವವರೆಗೆ ಹಾಕುತ್ತಾರೆ. ಈ ಅನುಕ್ರಮಕ್ಕೆ ಕಾರಣವಿದೆ: ಆಮ್ಲೀಯ ದ್ರಾವಣದಿಂದ ಮೆಲ್ಲಗೆ ಕ್ಷಾರದ ಕಡೆಗೆ ಹೋದಾಗ ಪ್ರಕ್ಷೇಪದ ಹರಳುಗಳು ದಪ್ಪವಾಗಿ ಬೆಳೆಯುತ್ತವೆ, ಸೋಸಲು ಸುಲಭ. ಡಿಎಂಜಿ ಎಷ್ಟು ಹಾಕಬೇಕು ಎಂಬುದರಲ್ಲಿ ಬಹಳಷ್ಟು ತಪ್ಪುಗಳಾಗುತ್ತವೆ. 10 ಮಿಲಿಗ್ರಾಂ ನಿಕಲ್‌ಗೆ ಶೇ. 1ರ ದ್ರಾವಣ ಕನಿಷ್ಠ 4 ಮಿ.ಲೀ. ಬೇಕು, ನಿಮ್ಮ ಅರ್ಧ ಗ್ರಾಂ ಮಾದರಿಯಲ್ಲಿ ಸುಮಾರು 40 ಮಿಲಿಗ್ರಾಂ ನಿಕಲ್ ಇರುವುದರಿಂದ 16 ಮಿ.ಲೀ. ಆಯಿತು. ಕೋಬಾಲ್ಟ್, ತಾಮ್ರ ಪ್ರಕ್ಷೇಪ ಕೊಡದಿದ್ದರೂ ಡಿಎಂಜಿಯಲ್ಲಿ ಪಾಲು ಕೇಳುತ್ತವೆ, ಹಾಗಾಗಿ 25 ಮಿ.ಲೀ. ಹಾಕುವುದು ಸರಿ. ಕೈ ತುಂಬ ಧಾರಾಳವಾದರೆ ಎರಡು ವಿರುದ್ಧ ದೋಷಗಳು ಒಟ್ಟಿಗೆ ಬರುತ್ತವೆ: ನೀರಿನಲ್ಲಿ ಅಷ್ಟಾಗಿ ಕರಗದ ಡಿಎಂಜಿ ತಾನೇ ಹರಳುಗಟ್ಟಿ ತೂಕ ಹೆಚ್ಚಿಸುತ್ತದೆ, ಅದರ ಜೊತೆ ಬಂದ ಆಲ್ಕೋಹಾಲ್ ಪ್ರಕ್ಷೇಪವನ್ನು ಸ್ವಲ್ಪ ಕರಗಿಸಿ ತೂಕ ಇಳಿಸುತ್ತದೆ.

ಈ ಪ್ರಕ್ಷೇಪಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ಅದು ಬೀಕರಿನ ಗೋಡೆ ಹತ್ತುತ್ತದೆ. ಗಾಜಿಗೆ ತೆಳುವಾಗಿ ಅಂಟಿದ ಕೆಂಪು ಪೊರೆಯನ್ನು ರಬ್ಬರ್ ತುದಿಯ ಕಡ್ಡಿಯಿಂದ ಉಜ್ಜಿ ತೆಗೆಯದಿದ್ದರೆ ನಿಕಲ್ ಬೀಕರಿನಲ್ಲೇ ಉಳಿದುಬಿಡುತ್ತದೆ. ಪ್ರಕ್ಷೇಪವನ್ನು ಅರ್ಧದಿಂದ ಒಂದು ಗಂಟೆ ಬೆಚ್ಚಗೆ ಬಿಟ್ಟು, ತಣಿಸಿ, ಮೊದಲೇ ತೂಗಿಟ್ಟ ಗಾಜಿನ ಫಿಲ್ಟರ್ ಕ್ರೂಸಿಬಲ್ಲಿನಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, 110–120 ಡಿಗ್ರಿಯಲ್ಲಿ ತೂಕ ಬದಲಾಗದಿರುವವರೆಗೆ ಒಣಗಿಸಿ ತೂಗುತ್ತಾರೆ. ಕಟ್ಟುನಿಟ್ಟಿನ ಲ್ಯಾಬುಗಳು ಸೋಸಿದ ನೀರಿನಲ್ಲಿ ತಪ್ಪಿಸಿಕೊಂಡ ನಿಕಲ್ಲನ್ನು ಪರಮಾಣು ಹೀರಿಕೆಯ ಉಪಕರಣದಲ್ಲಿ ಅಳೆದು ಲೆಕ್ಕಕ್ಕೆ ಸೇರಿಸುತ್ತವೆ, ತಾಮ್ರ ಅಥವಾ ಕೋಬಾಲ್ಟ್ ಹೆಚ್ಚಿದ್ದರೆ ಪ್ರಕ್ಷೇಪವನ್ನು ಕರಗಿಸಿ ಎರಡನೇ ಬಾರಿ ಪ್ರಕ್ಷೇಪಿಸುತ್ತವೆ.

ಇಷ್ಟು ತಾಳ್ಮೆಯ ಕೆಲಸಕ್ಕೆ ಸಿಗುವ ಪ್ರತಿಫಲವೆಂದರೆ, ಇದರಲ್ಲಿ ಪ್ರಮಾಣಿತ ಮಾದರಿಯ ರೇಖೆಯ ಹಂಗಿಲ್ಲ. ತಕ್ಕಡಿ ಮತ್ತು ಪರಮಾಣು ತೂಕಗಳು ಸಾಕು. ಪ್ರಕ್ಷೇಪದ ಅಣುತೂಕ 288.9, ಅದರಲ್ಲಿ ನಿಕಲ್ 58.69, ಅಂದರೆ ಪ್ರಕ್ಷೇಪದ ತೂಕವನ್ನು 0.2032ರಿಂದ ಗುಣಿಸಿದರೆ ನಿಕಲ್ ಸಿಗುತ್ತದೆ. ತೂಗುವ ವಸ್ತು ನಿಕಲ್‌ನ ಐದರಷ್ಟು ಇರುವುದರಿಂದ ತೂಕದ ದೋಷ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಪ್ರಕರಣಕ್ಕೇ ಅನ್ವಯಿಸಿ ನೋಡಿ: ಅರ್ಧ ಗ್ರಾಂ ಮಾದರಿಯಲ್ಲಿ ನಿಕಲ್ 7.89 ಇದ್ದರೆ ಪ್ರಕ್ಷೇಪ 194.1 ಮಿಲಿಗ್ರಾಂ ತೂಗುತ್ತದೆ, 8.01 ಇದ್ದರೆ 197.1. ನಿಮ್ಮನ್ನು ನಿದ್ದೆಗೆಡಿಸಿರುವ ವ್ಯತ್ಯಾಸ ತಕ್ಕಡಿಯ ಮೇಲೆ ಪೂರಾ 3 ಮಿಲಿಗ್ರಾಂ ಆಗಿ ಕಾಣುತ್ತದೆ, ಆದರೆ ಸಾಮಾನ್ಯ ವಿಶ್ಲೇಷಣಾ ತಕ್ಕಡಿ 0.1 ಮಿಲಿಗ್ರಾಂವರೆಗೂ ಓದುತ್ತದೆ. ಇಲ್ಲಿ ಫಲಿತಾಂಶದ ಮಿತಿ ತಕ್ಕಡಿಯದಲ್ಲ, ಕೆಮಿಸ್ಟರ ಕೈಯದು. ಇದೇ ಕಾರಣಕ್ಕೆ, ಈ ಕೆಲಸವನ್ನು ವರ್ಷಕ್ಕೊಮ್ಮೆ ಮಾಡುವ ಲ್ಯಾಬಿನ ವೆಟ್ ಫಲಿತಾಂಶಕ್ಕಿಂತ ದಿನವೂ ಸರಿಯಾಗಿ ನಡೆಸುವ ಸ್ಪಾರ್ಕ್ ಯಂತ್ರದ ಫಲಿತಾಂಶವನ್ನೇ ನಾನು ಹೆಚ್ಚು ನಂಬುತ್ತೇನೆ. ಪರಮಾಣು ಹೀರಿಕೆಯ ಉಪಕರಣದಿಂದಲೇ ನೇರವಾಗಿ ಅಳೆದುಕೊಡುತ್ತೇವೆ ಎಂದು ಕೆಲವರು ಹೇಳಬಹುದು. 8 ಶೇಕಡಾದಷ್ಟು ನಿಕಲ್‌ಗೆ ದ್ರಾವಣವನ್ನು ಹತ್ತಾರು ಪಟ್ಟು ತೆಳುಗೊಳಿಸಬೇಕಾಗುತ್ತದೆ, ಅದರಲ್ಲೂ ದೋಷ ಸೇರಿಕೊಳ್ಳುತ್ತದೆ, ನಿಮ್ಮ ಸಮಸ್ಯೆ ಅದರಿಂದ ಬಗೆಹರಿಯದು.

ತಾಂತ್ರಿಕ ದೃಷ್ಟಿಯಿಂದ ಇನ್ನೊಂದು ವಿಷಯವನ್ನು ನಿಮ್ಮ ಗ್ರಾಹಕರಿಗೆ ತಿಳಿಸಬಹುದು. ಹಾಲಿನ ಟ್ಯಾಂಕಿನಲ್ಲಿ ನಾವು ಅಂಜುವುದು ಮುಖ್ಯವಾಗಿ ಶುಚಿಗೊಳಿಸುವ ದ್ರಾವಣದ ಕ್ಲೋರೈಡಿನಿಂದ ಬೀಳುವ ಸಣ್ಣ ಗುಳಿಗಳಿಗೆ. ಈ ಗುಳಿ ಬೀಳುವಿಕೆಯನ್ನು ತಡೆಯುವ ಶಕ್ತಿಯನ್ನು ಲೆಕ್ಕ ಹಾಕುವ ಪ್ರಚಲಿತ ಸೂತ್ರದಲ್ಲಿ ಕ್ರೋಮಿಯಂ, ಮಾಲಿಬ್ಡಿನಂ, ಸಾರಜನಕ ಬರುತ್ತವೆ; ನಿಕಲ್ ಬರುವುದಿಲ್ಲ. 304ರಲ್ಲಿ ನಿಕಲ್‌ನ ಮುಖ್ಯ ಕೆಲಸ ಆಸ್ಟೆನೈಟ್ ಎಂಬ ಒಳರಚನೆಯನ್ನು ಕಾಯ್ದುಕೊಂಡು ಉಕ್ಕನ್ನು ಬಗ್ಗಿಸಲು, ಬೆಸೆಯಲು ಅನುಕೂಲವಾಗುವಂತೆ ಇಡುವುದು. 7.89 ಮತ್ತು 8.01ರ ನಡುವಿನ ಅಂತರ ಟ್ಯಾಂಕಿನ ಆಯುಷ್ಯದಲ್ಲಿ ಕಾಣಿಸಿಕೊಳ್ಳುವಂಥದ್ದಲ್ಲ. ನಿಮ್ಮ ಮುಂದಿರುವುದು ಕರಾರಿನ ಪ್ರಶ್ನೆ. ಅದನ್ನು ಕರಾರಿನ ಪ್ರಶ್ನೆಯಾಗಿಯೇ ಬಗೆಹರಿಸಿ, ತುಕ್ಕಿನ ಹೆದರಿಕೆಯನ್ನು ಅದರೊಳಗೆ ತರಬೇಡಿ.

ಮುಂದಿನ ಹೆಜ್ಜೆಯಾಗಿ, ನೀವು, ಡೀಲರ್ ಮತ್ತು ಇನ್‌ಸ್ಪೆಕ್ಟರ್ ಮೂವರೂ ಒಪ್ಪುವ ಒಂದು ಲ್ಯಾಬನ್ನು ಆರಿಸಿಕೊಳ್ಳಿ. ಅದಕ್ಕೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರಷ್ಟೇ ಸಾಲದು. ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿ ಉಕ್ಕಿನ ನಿಕಲ್‌ಗೆ ಐಎಸ್ 228 ಭಾಗ 5 ಇದೆಯೇ ಎಂದು ನೋಡಿ. ಹೀಟ್ ನಂಬರ್ (ಒಂದೇ ಬಾರಿಗೆ ಕರಗಿಸಿದ ಉಕ್ಕಿನ ಗುರುತು ಸಂಖ್ಯೆ) ಕಾಣುವ ಶೀಟಿನಿಂದಲೇ, ಮೂವರ ಸಮ್ಮುಖದಲ್ಲಿ, ಶಾಖ ತಗುಲದಂತೆ ಕತ್ತರಿಸಿ. ಗ್ಯಾಸ್ ಅಥವಾ ಪ್ಲಾಸ್ಮಾದಿಂದ ಕತ್ತರಿಸಿದ ಅಂಚು ಬೇಡ. ಒಂದು ತುಂಡನ್ನು ಮೊಹರು ಹಾಕಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಲ್ಯಾಬಿಗೆ ಬರೆಯುವ ಪತ್ರದಲ್ಲಿ ಡಿಎಂಜಿ ತೂಕ ವಿಧಾನವೇ ಬೇಕೆಂದೂ, ಪ್ರತ್ಯೇಕವಾಗಿ ತೂಗಿದ ಎರಡು ಮಾದರಿಗಳಿಂದ ಮಾಡಬೇಕೆಂದೂ, 8–10 ಶೇಕಡಾ ನಿಕಲ್ ಇರುವ ಪ್ರಮಾಣೀಕೃತ ಉಲ್ಲೇಖ ಮಾದರಿಯೊಂದನ್ನು ಜೊತೆಯಲ್ಲೇ ನಡೆಸಿ ಅದರ ಫಲಿತಾಂಶವನ್ನೂ ವರದಿಯಲ್ಲಿ ಕೊಡಬೇಕೆಂದೂ, ಅನಿಶ್ಚಿತತೆಯನ್ನು ನಮೂದಿಸಬೇಕೆಂದೂ ಸ್ಪಷ್ಟವಾಗಿ ಕೇಳಿ. ‘ಪಾಸ್’ ಅಥವಾ ‘ಫೇಲ್’ ಎಂಬ ಮಾತು ವರದಿಯಲ್ಲಿ ಬೇಕಿದ್ದರೆ, ಅನಿಶ್ಚಿತತೆಯನ್ನು ಯಾರ ಪರವಾಗಿ ಲೆಕ್ಕ ಹಿಡಿಯಬೇಕು ಎಂಬ ನಿರ್ಣಯ ನಿಯಮವನ್ನು ಮೂವರೂ ಮೊದಲೇ ಒಪ್ಪಿ ಲ್ಯಾಬಿಗೆ ತಿಳಿಸಬೇಕು. ಪರೀಕ್ಷಾ ಲ್ಯಾಬುಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿ ಇದನ್ನು ಕಡ್ಡಾಯ ಮಾಡಿದೆ. ಫಲಿತಾಂಶ ಬಂದ ಮೇಲೆ ನಿಯಮ ಹುಡುಕಲು ಹೋದರೆ ಪ್ರತಿಯೊಬ್ಬರೂ ತಮಗೆ ಬೇಕಾದ ನಿಯಮವನ್ನೇ ತರುತ್ತಾರೆ.

ಆ ವರದಿ 7.90 ಅಥವಾ ಮೇಲೆ ಬಂದರೆ ಶೀಟನ್ನು ಕತ್ತರಿಸಲು ಆರಂಭಿಸಿ. 7.8ರ ಆಸುಪಾಸಿಗೆ ಇಳಿದು ಉಲ್ಲೇಖ ಮಾದರಿಯ ಅಂಕಿ ಸರಿಯಾಗಿಯೇ ಬಂದಿದ್ದರೆ, ಇನ್‌ಸ್ಪೆಕ್ಟರ್ ಹೇಳಿದ್ದು ಸರಿ. ಮಾಲನ್ನು ವಾಪಸ್ ಮಾಡುವ ಹಕ್ಕು ನಿಮಗಿದೆ, ಪರೀಕ್ಷೆಯ ಖರ್ಚನ್ನೂ ಡೀಲರಿಂದ ಕೇಳಬಹುದು.